ಒತ್ತಕ್ಷರಕ್ಕೆ ಜಾಗ ಬಿಡಿ

ಮಾನ್ಯರೇ,

ಮಕ್ಕಳ ಚಿತ್ರಪುಸ್ತಕಗಳಲ್ಲಿ ಪದ್ಯದ ಸಾಲುಗಳನ್ನು ಒತ್ತೊತ್ತಾಗಿ, ಅದೂ ಗಾಢ ಬಣ್ಣದ ಚಿತ್ರದ ಮೇಲೆ ಅಚ್ಚು ಹಾಕುವುದು ಕನ್ನಡಕ್ಕೆ ಹೊಂದುವುದಿಲ್ಲ. ‘ಅಜ್ಜ’, ‘ಬೆಕ್ಕು’ಗಳ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಆಗಷ್ಟೇ ಓದಲು ಕಲಿಯುತ್ತಿರುವ ಮಗು ತಡವರಿಸುತ್ತದೆ. ಅಕ್ಷರ 20 ಪಾಯಿಂಟ್ ಇದ್ದರೆ, ಸಾಲಿನಿಂದ ಸಾಲಿಗೆ 32 ಪಾಯಿಂಟಾದರೂ ಬಿಡಿ.

ಪದ್ಯ ಬರೆಯುವವರು ಅಚ್ಚಿಗೆ ಕೊಡುವ ಮುನ್ನ ನಾಲ್ಕು ಮಾತ್ರೆಗೊಂದು ಚಪ್ಪಾಳೆ ತಟ್ಟಿ ಗಟ್ಟಿಯಾಗಿ ಓದಲಿ. ‘ಅಜ್ಜಿಯ ಕೊಡೆಯಲಿ’ ಸಲೀಸಾಗಿ ಸಾಗುತ್ತದೆ; ‘ಕೊಡೆಯಲ್ಲಿ’ ಎಂದೊಡನೆ ಒಂದು ಮಾತ್ರೆ ಹೆಚ್ಚಾಗಿ ತಾಳ ತಪ್ಪುತ್ತದೆ. ಮಕ್ಕಳು ಎಡವುವುದು ಅಲ್ಲೇ.

ಪುಸ್ತಕ ಕೊಳ್ಳಲು ಹಣವಿಲ್ಲದ ಶಾಲೆಗಳು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ನೋಡಲಿ. ಅಲ್ಲಿನ ಮುಕ್ತ ಪರವಾನಗಿಯ ಕನ್ನಡ ಪುಸ್ತಕಗಳನ್ನು ಲೇಖಕರ, ಚಿತ್ರಕಾರರ ಹೆಸರು ಉಳಿಸಿಕೊಂಡು ಮುದ್ರಿಸಿ ಹಂಚಬಹುದು.

– ಮಕ್ಕಳ ಪುಸ್ತಕ ಸಂಪಾದಕರು