ತಾಳಮದ್ದಲೆ ಫೈಲ್‌ಗಳ ಕನ್ವರ್ಷನ್ ಕೆಟ್ಟಿದೆ, ಮಾಸ್ಟರ್‌ಗಳನ್ನು ಅಳಿಸಬೇಡಿ

ಇವರಿಗೆ,
ವ್ಯವಸ್ಥಾಪಕರು,
ಆಡಿಯೋ ವಿಡಿಯೋ ಡಿಜಿಟಲೀಕರಣ ವಿಭಾಗ,
ಬೆಂಗಳೂರು

ವಿಷಯ: ನಮ್ಮ ಸಂಘದ ತಾಳಮದ್ದಲೆ ಮತ್ತು ಬಯಲಾಟದ ರೆಕಾರ್ಡಿಂಗ್‌ಗಳನ್ನು ಒಟ್ಟಿಗೆ ಕನ್ವರ್ಟ್ ಮಾಡುವಾಗ ಆಗಿರುವ ನಷ್ಟ, ಅದನ್ನು ಸರಿಪಡಿಸಿಕೊಡುವ ಬಗ್ಗೆ.

ಮಾನ್ಯರೇ,

ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ನಮ್ಮ ಕ್ಯಾಸೆಟ್ ಮತ್ತು ಮಿನಿಡಿವಿ ವಿಡಿಯೋ ಟೇಪ್‌ಗಳಿಂದ ನೀವು ತೆಗೆದ ಮೂಲ ಪ್ರತಿಗಳನ್ನು, ಅಂದರೆ ಮಾಸ್ಟರ್ ಫೈಲ್‌ಗಳನ್ನು, ದಯವಿಟ್ಟು ಅಳಿಸಬೇಡಿ. ಕೆಲಸ ಒಪ್ಪಿಸಿದ 60 ದಿನಕ್ಕೆ ಅವು ನಿಮ್ಮ ಸರ್ವರ್‌ನಿಂದ ಹೋಗುತ್ತವೆ ಎಂದು ಕರಾರಿನಲ್ಲಿದೆ. ಆ ಗಡುವು ಹತ್ತಿರ ಬಂದಿದೆ. ಈ ಪತ್ರ ಪೂರ್ತಿ ಓದುವುದಕ್ಕೂ ಮುಂಚೆ, ನಮ್ಮ ಆರ್ಡರ್‌ಗೆ ಸೇರಿದ ಯಾವ ಫೈಲನ್ನೂ ಮುಟ್ಟಬಾರದು ಎಂದು ಸಂಬಂಧಪಟ್ಟವರಿಗೆ ಹೇಳಿ. ಉಳಿದದ್ದನ್ನೆಲ್ಲ ಆಮೇಲೆ ಮಾತಾಡಬಹುದು. ಮಾಸ್ಟರ್ ಹೋದರೆ ಮಾತಾಡುವುದಕ್ಕೆ ಏನೂ ಉಳಿಯುವುದಿಲ್ಲ.

ನೀವು ಕಳಿಸಿದ ಹಾರ್ಡ್ ಡಿಸ್ಕ್ ನಮ್ಮ ಕೈ ಸೇರಿದೆ. ಕೆಲಸ ಪೂರ್ಣಗೊಂಡಿದೆ ಎಂಬ ಮೇಲ್ ಬಂದಿದೆ, ಬಾಕಿ ಅರ್ಧ ಹಣದ ಬಿಲ್ಲೂ ಬಂದಿದೆ. ಆದರೆ ಆಡಿಯೋ ಫೋಲ್ಡರ್‌ನಲ್ಲಿ 212 ಫೈಲ್ ಇರಬೇಕಾದ ಕಡೆ ಇರುವುದು 87. ಯಾವುದಕ್ಕೂ ಸರಿಯಾದ ಹೆಸರಿಲ್ಲ. ಬರೀ ಅಂಕಿ: 19911, 19912, 19913, ಹೀಗೆ. ಕೊಟೇಶನ್‌ನಲ್ಲಿ ಮಾಸ್ಟರ್ ಫೈಲ್‌ಗಳನ್ನೂ ಕೊಡುತ್ತೇವೆ ಎಂದಿತ್ತು. ಡಿಸ್ಕ್‌ನಲ್ಲಿ ಅವು ಒಂದೂ ಇಲ್ಲ.

ಇವು ಎಂಥ ರೆಕಾರ್ಡಿಂಗ್ ಅಂತ ಸ್ವಲ್ಪ ಹೇಳಬೇಕು. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಹಾಡು, ಚೆಂಡೆ, ಮದ್ದಲೆ, ಅದರ ಜೊತೆ ಅರ್ಥಧಾರಿಗಳ ಮಾತು. ಭಾಗವತರು ಹಾಡುವ ಪದ್ಯ ಪುಸ್ತಕದಲ್ಲಿ ಸಿಗುತ್ತದೆ. ಅರ್ಥಧಾರಿ ಆಡುವ ಮಾತು ಎಲ್ಲೂ ಬರೆದಿಟ್ಟದ್ದಲ್ಲ. ಎದುರಿಗೆ ಕೂತ ಅರ್ಥಧಾರಿ ಏನು ಪ್ರಶ್ನೆ ಕೇಳುತ್ತಾರೆ ಅನ್ನುವುದರ ಮೇಲೆ ಅದು ಅಲ್ಲೇ ಹುಟ್ಟುತ್ತದೆ. ಅದೇ ಪ್ರಸಂಗ (ಕಥೆ), ಅದೇ ಕಲಾವಿದರು ಮಾರನೆಯ ದಿನ ಇನ್ನೊಂದು ಊರಲ್ಲಿ ಕೂತರೆ ವಾದ ಬೇರೆ ದಾರಿ ಹಿಡಿಯುತ್ತದೆ. ಕೃಷ್ಣಸಂಧಾನದಲ್ಲಿ ಕೌರವ ಯಾವ ಮಾತಿಗೆ ಯಾವ ಉತ್ತರ ಕೊಟ್ಟ ಎಂಬುದಕ್ಕೆ ಆ ರಾತ್ರಿಯ ಕ್ಯಾಸೆಟ್ ಬಿಟ್ಟರೆ ಬೇರೆ ದಾಖಲೆ ಇಲ್ಲ. ಮಾತಾಡಿದವರಲ್ಲಿ ಹಲವರು ಈಗ ಇಲ್ಲ. ಒಂದು ಫೈಲ್ ಹೋದರೆ ಇನ್ನೊಂದು ಕಾಪಿ ಎಲ್ಲಿಂದಲೋ ತರುತ್ತೇವೆ ಅನ್ನುವ ಹಾಗಿಲ್ಲ.

ಕ್ಯಾಸೆಟ್ ಹೇಗೂ ನಿಮ್ಮಲ್ಲೇ ಇದೆಯಲ್ಲ, ಮತ್ತೆ ಪ್ಲೇ ಮಾಡಿ ತೆಗೆಯೋಣ ಅಂತ ನಿಮ್ಮವರು ಫೋನಿನಲ್ಲಿ ಹೇಳಿದರು. ಅಷ್ಟು ಸುಲಭ ಅಲ್ಲ. ಕರಾವಳಿಯ ತೇವದಲ್ಲಿ ಇಷ್ಟು ವರ್ಷ ಇದ್ದ ಕ್ಯಾಸೆಟ್‌ಗಳು ಅವು. ಕೆಲವಕ್ಕೆ ಬೂಸ್ಟು ಹಿಡಿದಿತ್ತು. ಕೆಲವು ಓಡುವಾಗಲೇ ಪುಡಿ ಉದುರಿಸುತ್ತವೆ. ಅಂಥವನ್ನು ಒಂದೇ ಸಲ, ಚೆನ್ನಾಗಿ, ನಿಧಾನವಾಗಿ ಓಡಿಸಬೇಕು ಎಂಬ ಕಾರಣಕ್ಕೇ ನಿಮ್ಮಲ್ಲಿಗೆ ತಂದದ್ದು. ಆ ಭಾಗವನ್ನು ನಿಮ್ಮ ತಂತ್ರಜ್ಞರು ಚೆನ್ನಾಗಿಯೇ ಮಾಡಿದ್ದಾರೆ. ಒಂದೊಂದು ಕ್ಯಾಸೆಟ್‌ಗೂ ಹೆಡ್ ಸರಿಹೊಂದಿಸಿ ತೆಗೆದಿದ್ದಾರೆ ಅನ್ನುವುದು ಉಳಿದ ಫೈಲ್‌ಗಳನ್ನು ಕೇಳಿದರೆ ಗೊತ್ತಾಗುತ್ತದೆ. ಅವರಿಗೆ ನಮ್ಮ ಧನ್ಯವಾದ. ಅವರ ಅಷ್ಟು ಶ್ರಮ ಆಮೇಲೆ ಕನ್ವರ್ಟ್ ಮಾಡಲು ಓಡಿಸಿದ ಒಂದು ಸ್ಕ್ರಿಪ್ಟ್‌ನಿಂದ, ಅಂದರೆ ಕಂಪ್ಯೂಟರಿಗೆ ಕೊಟ್ಟ ಕಮಾಂಡ್‌ಗಳ ಪಟ್ಟಿಯಿಂದ, ಹಾಳಾಯಿತು. ಅದೇ ನನಗೆ ಜಾಸ್ತಿ ಬೇಸರ.

ಡಿಸ್ಕ್‌ನಲ್ಲಿ ನಿಮ್ಮವರು ಓಡಿಸಿದ ಶೆಲ್ ಸ್ಕ್ರಿಪ್ಟ್‌ಗಳೂ ಅವು ಏನು ಮಾಡಿದವು ಎಂಬ ದಾಖಲೆಯಾದ ಲಾಗೂ ಉಳಿದುಕೊಂಡಿದ್ದವು. ತೆರೆದು ಓದಿದ್ದೇನೆ. ಆದ್ದರಿಂದ ಕೆಳಗೆ ಹೇಳುವುದು ಊಹೆಯಲ್ಲ.

ನಾವು ಕೊಟ್ಟ ಪಟ್ಟಿಯ ಪ್ರಕಾರ ಪ್ರತಿ ಮಾಸ್ಟರ್ ಫೈಲ್‌ನ ಹೆಸರಿನಲ್ಲಿ ಪ್ರಸಂಗ, ಊರು, ವರ್ಷ, ಭಾಗ ಇತ್ತು. ಉದಾಹರಣೆಗೆ, ಕರ್ಣಪರ್ವ-ಕುಂದಾಪುರ-1991-1. ಆಡಿಯೋ, ವಿಡಿಯೋ ಕನ್ವರ್ಟ್ ಮಾಡುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶಕ್ಕೆ ಫೈಲ್ ಕೊಡುವ ಮುಂಚೆ ನಿಮ್ಮ ಸ್ಕ್ರಿಪ್ಟ್ ಈ ಹೆಸರನ್ನು ಅಕ್ಷರಗಳನ್ನು ಬದಲಿಸುವ, ಅಳಿಸುವ ಟಿಆರ್ ಕಮಾಂಡಿಗೆ ಹಾಕುತ್ತದೆ. ಇಂಗ್ಲಿಷ್ ಅಕ್ಷರ ಮತ್ತು 0ಯಿಂದ 9ರವರೆಗಿನ ಅಂಕಿ ಬಿಟ್ಟು ಬೇರೆ ಏನಿದ್ದರೂ ಕಿತ್ತುಹಾಕು ಎಂದು ಅಲ್ಲಿ ಬರೆದಿದೆ. ಕನ್ನಡ ಅಕ್ಷರ ಹೋಯಿತು. ನಡುವಿನ ಗೀಟೂ ಹೋಯಿತು. ಉಳಿದದ್ದು 19911. ಈಗ ವಾಲಿವಧೆ-ಸಾಲಿಗ್ರಾಮ-1991-1 ಎಂಬ ಫೈಲ್ ತೆಗೆದುಕೊಳ್ಳಿ. ಅದೂ 19911 ಆಗುತ್ತದೆ. ಆ ವರ್ಷದ ಎಲ್ಲ ತಾಳಮದ್ದಲೆ ಕೂಟಗಳ ಮೊದಲ ಭಾಗವೂ 19911.

ಇಲ್ಲಿಗೇ ನಿಂತಿದ್ದರೂ ನಷ್ಟ ಆಗುತ್ತಿರಲಿಲ್ಲ. ಎಫ್‌ಎಫ್‌ಎಂಪೆಗ್ ತಾನಾಗಿ ಯಾವ ಫೈಲ್ ಮೇಲೂ ಬರೆಯುವುದಿಲ್ಲ. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ, ಅದರ ಮೇಲೆ ಬರೆಯಬಹುದಾ ಎಂದು ಕೇಳುತ್ತದೆ. ಆದರೆ ನಿಮ್ಮ ಕಮಾಂಡಿನಲ್ಲಿ ಮೈನಸ್ ವೈ ಸೇರಿಸಿದ್ದಾರೆ. ಅಂದರೆ ಕೇಳಬೇಡ, ಬರೆದುಬಿಡು ಎಂದು ಮೊದಲೇ ಒಪ್ಪಿಗೆ ಕೊಟ್ಟ ಹಾಗೆ. ಹಾಗಾಗಿ ಒಂದರ ಮೇಲೊಂದು ಬರೆಯುತ್ತಾ ಹೋಗಿದೆ. ಪ್ರತಿ ಗುಂಪಿನಲ್ಲೂ ಕೊನೆಗೆ ಬಂದದ್ದು ಮಾತ್ರ ಉಳಿದಿದೆ.

ಇದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಸ್ಕ್ರಿಪ್ಟ್ ಫೈಲ್‌ಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ತೆಗೆದುಕೊಂಡಿದೆ. 1991ರ ಮೊದಲ ಮೂರು ಭಾಗದ ಫೈಲ್‌ಗಳನ್ನು ಪ್ಲೇ ಮಾಡಿದರೆ ಕೇಳುವುದು ಸುಧನ್ವಾರ್ಜುನ. ಕರ್ಣಪರ್ವ ಇಲ್ಲ, ಕೃಷ್ಣಸಂಧಾನ ಇಲ್ಲ, ಭೀಷ್ಮವಿಜಯ ಇಲ್ಲ, ವಾಲಿವಧೆ ಇಲ್ಲ. ನಮ್ಮ ಪಟ್ಟಿಯಲ್ಲಿ ಆ ವರ್ಷ ‘ಸ’ಕಾರದ ನಂತರ ಬೇರೆ ಪ್ರಸಂಗ ಇರಲಿಲ್ಲ. ಬೇರೆ ವರ್ಷಗಳಲ್ಲೂ ಹೀಗೇ, ಅಕ್ಷರಮಾಲೆಯಲ್ಲಿ ಕೊನೆಗೆ ಬರುವ ಪ್ರಸಂಗವೇ ಉಳಿದಿದೆ. ಕೆಲವು ಕಡೆ ಇನ್ನೂ ವಿಚಿತ್ರವಾಗಿದೆ. ಸುಧನ್ವಾರ್ಜುನ ಮೂರು ಭಾಗಕ್ಕೆ ಮುಗಿದರೆ, ನಾಲ್ಕನೆಯ ಭಾಗ ಅಂತ ತೆರೆದಾಗ ವಾಲಿವಧೆಯ ಕೊನೆ ಕೇಳಿಸುತ್ತದೆ. ಗೊತ್ತಿಲ್ಲದವರು ಕೇಳಿದರೆ ಅದೇ ಕೂಟದ ಮುಂದುವರಿಕೆ ಅಂದುಕೊಳ್ಳುತ್ತಾರೆ. ಇದು ಕಳೆದುಹೋದುದಕ್ಕಿಂತಲೂ ಕೆಟ್ಟದ್ದು ಎಂದು ನನಗೆ ಅನಿಸುತ್ತದೆ. ಇಲ್ಲದ ಫೈಲನ್ನು ಹುಡುಕುತ್ತೇವೆ. ತಪ್ಪು ಫೈಲನ್ನು ನಂಬಿಬಿಡುತ್ತೇವೆ.

ನಿಮ್ಮ ಸಹಾಯವಾಣಿಯಲ್ಲಿ ಇದನ್ನು ಹೇಳಿದಾಗ ಬಂದ ಉತ್ತರ, “ಕನ್ನಡದಲ್ಲಿ ಹೆಸರು ಇಟ್ರೆ ಹೀಗೇ ಆಗೋದು ಸರ್, ಇನ್ಮೇಲೆ ಇಂಗ್ಲಿಷಲ್ಲಿ ಕೊಡಿ.” ಈ ಮಾತನ್ನು ನಾನು ಒಪ್ಪುವುದಿಲ್ಲ. ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಜಾಗವಿದೆ. ಅದನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕಾಗುತ್ತದೆ, ಅಷ್ಟೇ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರು 255 ಬೈಟ್‌ವರೆಗೆ ಇರಬಹುದು. ಅಂದರೆ ಪೂರ್ತಿ ಕನ್ನಡದಲ್ಲೇ ಬರೆದರೂ 85 ಚಿಹ್ನೆಗೆ ಜಾಗ ಇದೆ. ನಮ್ಮ ಯಾವ ಹೆಸರೂ ಅಷ್ಟು ಉದ್ದ ಇಲ್ಲ. ಎಫ್‌ಎಫ್‌ಎಂಪೆಗ್ ಕೂಡ ಕನ್ನಡ ಹೆಸರಿನ ಫೈಲನ್ನು ಯಾವ ತಕರಾರೂ ಇಲ್ಲದೆ ತೆರೆಯುತ್ತದೆ. ಹೆಸರಿನ ಸುತ್ತ ಕೋಟ್ ಹಾಕಿದರೆ ಸಾಕು. ಕನ್ನಡ ಕಿತ್ತುಹಾಕಿದ್ದು ಕಂಪ್ಯೂಟರ್ ಅಲ್ಲ, ನಿಮ್ಮ ಸ್ಕ್ರಿಪ್ಟ್‌ನ ಒಂದು ಸಾಲು. ಕರ್ನಾಟಕದಲ್ಲೇ ಕೆಲಸ ಮಾಡುವ ಸಂಸ್ಥೆ ಕನ್ನಡದ ಹೆಸರನ್ನೇ ತೊಂದರೆ ಅಂದರೆ ಹೇಗೆ?

ವಿಡಿಯೋಗಳ ಕತೆ ಬೇರೆ. ಅಲ್ಲಿ ಸ್ಕ್ರಿಪ್ಟ್ ಹೆಸರುಗಳನ್ನು ಒಂದು ಪಟ್ಟಿಯಿಂದ ಸಾಲುಸಾಲಾಗಿ ಓದುತ್ತದೆ. ಲೂಪ್‌ನ ಒಳಗಿರುವ ಎಫ್‌ಎಫ್‌ಎಂಪೆಗ್ ಕೂಡ ಆ ಪಟ್ಟಿ ಬರುವ ದಾರಿಯಿಂದಲೇ, ಅಂದರೆ ಅದೇ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದುತ್ತದೆ, ಕೀಬೋರ್ಡಿನಿಂದ ಏನಾದರೂ ಬರುತ್ತದಾ ಅಂತ. ಹಾಗೆ ಓದುವಾಗ ಪಟ್ಟಿಯ ಮುಂದಿನ ಹೆಸರಿನ ಒಂದಿಷ್ಟು ಬೈಟ್ ನುಂಗಿಬಿಡುತ್ತದೆ. ತಲೆ ಹೋದ ಹೆಸರಿನ ಫೈಲ್ ಎಲ್ಲೂ ಇಲ್ಲವಲ್ಲ, ಆ ವಿಡಿಯೋ ಹಾಗೇ ಬಿಟ್ಟುಹೋಗುತ್ತದೆ. ಅಂಥ ಫೈಲ್ ಇಲ್ಲ ಎಂಬ ಸಾಲು ನಿಮ್ಮ ಲಾಗ್‌ನಲ್ಲಿ ಮತ್ತೆ ಮತ್ತೆ ಬಂದಿದೆ. ಎಫ್‌ಎಫ್‌ಎಂಪೆಗ್ ಬಳಸುವವರಿಗೆ ಇದು ಹಳೆಯ, ಚೆನ್ನಾಗಿ ಗೊತ್ತಿರುವ ತೊಡಕು. ಇನ್‌ಪುಟ್ ಓದಬೇಡ ಎನ್ನುವ ಆಯ್ಕೆ ಅದರಲ್ಲೇ ಇದೆ, ಇಲ್ಲವಾದರೆ ಇನ್‌ಪುಟ್ ಅನ್ನು ಏನೂ ಇಲ್ಲದ ಡೆವ್ ನಲ್‌ಗೆ ತಿರುಗಿಸಿದರೂ ಆಯಿತು. ಆದರೆ ನಿಮ್ಮ ಸ್ಕ್ರಿಪ್ಟ್ ಯಾವ ಕಮಾಂಡ್ ಸೋತಿತು ಅಂತ ನೋಡುವುದೇ ಇಲ್ಲ. ಕೊನೆಯಲ್ಲಿ ಎಲ್ಲ ಮುಗಿಯಿತು ಎಂದು ಬರೆಯುತ್ತದೆ. ಆ ಸಾಲನ್ನು ನಂಬಿ ನಮಗೆ ಮೇಲ್ ಕಳಿಸಿದ್ದೀರಿ.

ಕನ್ವರ್ಟ್ ಆದ ವಿಡಿಯೋಗಳಲ್ಲಿ ದೊಡ್ಡ ನಷ್ಟ ಧ್ವನಿಯದು. ನಮ್ಮ ಕ್ಯಾಮೆರಾದಲ್ಲಿ 12 ಬಿಟ್, 32 ಕಿಲೋಹರ್ಟ್ಸ್‌ನಲ್ಲಿ ನಾಲ್ಕು ಚಾನೆಲ್ ರೆಕಾರ್ಡ್ ಆಗಿತ್ತು. ಮೊದಲ ಜೋಡಿ ಕ್ಯಾಮೆರಾದ ಮೈಕ್. ಎರಡನೆಯ ಜೋಡಿ ಮಿಕ್ಸರ್‌ನಿಂದ ನೇರವಾಗಿ ಬಂದ ಭಾಗವತರ ಮತ್ತು ಪಾತ್ರಧಾರಿಗಳ ಧ್ವನಿ. ಎಲ್ಲ ಟ್ರ್ಯಾಕ್ ಬೇಕು ಎಂದು ಮ್ಯಾಪ್ ಆಯ್ಕೆಯಲ್ಲಿ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಒಂದೇ ಆಡಿಯೋ ಟ್ರ್ಯಾಕ್ ಆರಿಸಿಕೊಳ್ಳುತ್ತದೆ. ಎರಡೂ ಸಮ ಇದ್ದರೆ ಮೊದಲನೆಯದು. ನೀವು ಕೊಟ್ಟ ಎಂಪಿ4ಗಳಲ್ಲಿ ಇರುವುದು ಕ್ಯಾಮೆರಾ ಮೈಕ್ ಮಾತ್ರ. ಹಿಂದೆ ಜನರೇಟರ್ ಶಬ್ದ, ಮುಂದೆ ಮಕ್ಕಳ ಗಲಾಟೆ. ಹಾಡು ಎಲ್ಲೋ ದೂರದಲ್ಲಿ. ಈ ವಿಷಯ ನಾವು ಟೇಪ್ ಕೊಡುವಾಗಲೇ ಬರೆದುಕೊಟ್ಟಿದ್ದೆವು.

ಚಿತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಟೇಪ್‌ಗಳ ರೂಪವಾದ ಪಾಲ್ ಡಿವಿ ಅಂದರೆ 720ಕ್ಕೆ 576 ಪಿಕ್ಸೆಲ್, ಸೆಕೆಂಡಿಗೆ 50 ಫೀಲ್ಡ್ (ಅರ್ಧ ಚಿತ್ರ), ಪರದೆಯ ಅನುಪಾತ 4:3. ನಿಮ್ಮ ಸ್ಕ್ರಿಪ್ಟ್ ಡೀಇಂಟರ್‌ಲೇಸ್ ಮಾಡಿಲ್ಲ, ಅಂದರೆ ಆ ಅರ್ಧ ಚಿತ್ರಗಳನ್ನು ಪೂರ್ಣ ಚಿತ್ರ ಮಾಡಿಲ್ಲ. ವೇಷಧಾರಿ ಧಿಗಿಣ ಹೊಡೆಯುವಾಗ, ಅಂದರೆ ಹಾರಿ ಸುತ್ತುವಾಗ, ಅಂಚಿನಲ್ಲೆಲ್ಲ ಗೆರೆಗೆರೆ ಏಳುತ್ತದೆ. ಮೇಲಾಗಿ 1280ಕ್ಕೆ 720, ಪಿಕ್ಸೆಲ್ ಚೌಕ ಎಂದು ಹಿಡಿದು ಎಳೆದಿದೆ. ಕಿರೀಟ ಅಗಲವಾಗಿದೆ, ಮುಖ ಚಪ್ಪಟೆಯಾಗಿದೆ. ವೇಷದ ಅಳತೆ ನೋಡಿ ಕಲಿಯಬೇಕಾದ ಹುಡುಗರಿಗೆ ಇದನ್ನು ತೋರಿಸುವುದು ಹೇಗೆ? ಆಡಿಯೋ ಕಾಪಿಗಳ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಇಡುವ ಮಾಹಿತಿಯ ಪ್ರಮಾಣ, ಕೂಡ ಕೊಟೇಶನ್‌ನಲ್ಲಿದ್ದ 192 ಕೆಬಿಪಿಎಸ್ ಅಲ್ಲ, 64. ಚೆಂಡೆ ಮತ್ತು ತಾಳ ಒಟ್ಟಿಗೆ ಏರಿದಾಗ ಶಬ್ದ ಕಲಸಿಹೋಗುತ್ತದೆ.

ನೂರಾರು ಫೈಲನ್ನು ಒಂದೊಂದಾಗಿ ಕೈಯಲ್ಲಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಇಂಥ ಕೆಲಸಕ್ಕೆ ಸ್ಕ್ರಿಪ್ಟೇ ಸರಿ. ಆದರೆ ರಾತ್ರಿಯಿಡೀ ತನ್ನಷ್ಟಕ್ಕೆ ಓಡುವ ಸ್ಕ್ರಿಪ್ಟ್‌ನ ಮೇಲೆ ಬೆಳಗ್ಗೆ ಒಬ್ಬರು ಕಣ್ಣು ಹಾಯಿಸಬೇಕು, ಅಲ್ವಾ? ಒಳಗೆ ಹೋದ ಫೈಲ್ ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಎಣಿಸಿದ್ದರೆ 212 ಮತ್ತು 87ರ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತಿತ್ತು. ಫೈಲ್‌ನ ವಿವರ ತೋರಿಸುವ ಎಫ್‌ಎಫ್‌ಪ್ರೋಬ್‌ನಿಂದ ಮಾಸ್ಟರ್ ಮತ್ತು ಕಾಪಿಯ ಅವಧಿ ಹೋಲಿಸುವುದು ಒಂದು ಸಾಲಿನ ಕೆಲಸ.

ಈಗ ನಮ್ಮ ಬೇಡಿಕೆ. ಮಾಸ್ಟರ್‌ಗಳು ಸುರಕ್ಷಿತ ಎಂದು ಬರಹದಲ್ಲಿ ತಿಳಿಸಿ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ವೇವ್ ಫೈಲ್‌ಗೆ ಗಂಟೆಗೆ ಹೆಚ್ಚುಕಡಿಮೆ 1 ಜಿಬಿ, ಡಿವಿಗೆ ಸುಮಾರು 13 ಜಿಬಿ ಬೇಕು. ಅವನ್ನೆಲ್ಲ ಹಾಗೇ, ಕನ್ನಡ ಹೆಸರಿನ ಸಮೇತ, ಪ್ರತಿ ಫೈಲ್‌ನ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ಪರೀಕ್ಷಿಸುವ ಸಂಕೇತ) ಪಟ್ಟಿಯ ಜೊತೆ ಬೇರೆ ಡಿಸ್ಕ್‌ಗೆ ಹಾಕಿಕೊಡಿ. ಡಿಸ್ಕ್ ನಾವೇ ಕಳಿಸುತ್ತೇವೆ. ಮಾಸ್ಟರ್ ಕೈ ಸೇರಿದ ಮೇಲೆ ಕೇಳುವ, ನೋಡುವ ಕಾಪಿಗಳನ್ನು ಮೊದಲಿನಿಂದ ಮಾಡಿಕೊಡಿ: ಮೈನಸ್ ವೈ ಬದಲು ಮೈನಸ್ ಎನ್ (ಇರುವ ಫೈಲ್ ಮೇಲೆ ಬರೆಯಬೇಡ) ಹಾಕಿ, ಹೆಸರು ಮುಟ್ಟದೆ, ಎಲ್ಲ ಆಡಿಯೋ ಟ್ರ್ಯಾಕ್ ಉಳಿಸಿ, ಡೀಇಂಟರ್‌ಲೇಸ್ ಮಾಡಿ, 4:3ರಲ್ಲೇ, ಒಪ್ಪಿದ ಬಿಟ್‌ರೇಟ್‌ನಲ್ಲಿ. ಎಲ್ಲವನ್ನೂ ಓಡಿಸುವ ಮುಂಚೆ ಒಂದು ಆಡಿಯೋ, ಒಂದು ವಿಡಿಯೋ ಮಾಡಿ ಕಳಿಸಿ. ನಾವು ಕೇಳಿ, ನೋಡಿ ಒಪ್ಪಿಗೆ ಕೊಡುತ್ತೇವೆ. ಇದಕ್ಕೆ ಬೇರೆ ಹಣ ಕೇಳಬಾರದು. ಬಾಕಿ ಬಿಲ್ಲನ್ನು ಈ ಕೆಲಸ ಸರಿಯಾಗಿ ಮುಗಿದ ದಿನ ಕಟ್ಟುತ್ತೇವೆ.

ಯಾವುದಾದರೂ ಮಾಸ್ಟರ್ ಈಗಾಗಲೇ ಹೋಗಿದ್ದರೆ ಮುಚ್ಚಿಡದೆ ಹೇಳಿ. ಯಾವ ಕ್ಯಾಸೆಟ್ ಅಂತ ಗೊತ್ತಾದರೆ ಅದನ್ನು ಉಳಿಸಿಕೊಳ್ಳುವ ದಾರಿ ಹುಡುಕಬಹುದು. ಆ ಖರ್ಚು ನಿಮ್ಮದು.

ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಮಾಸ್ಟರ್ ಬಗ್ಗೆ ಮಾತ್ರ ಕೂಡಲೇ ಒಂದು ಮೇಲ್ ಸಾಕು. ಉತ್ತರ ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಇದನ್ನು ಸೇವಾ ನ್ಯೂನತೆ ಎಂದು ನಮ್ಮ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಇಡುತ್ತೇವೆ. ಆ ಕಾಯ್ದೆಯಲ್ಲಿ ನಮ್ಮ ಊರಿನಲ್ಲೇ ದೂರು ಕೊಡಲು ಅವಕಾಶವಿದೆ. ಸ್ಕ್ರಿಪ್ಟ್, ಲಾಗ್, ನಾವು ಕೊಟ್ಟ ಪಟ್ಟಿ, ಕೊಟೇಶನ್ ಎಲ್ಲದರ ಪ್ರತಿ ನಮ್ಮಲ್ಲಿದೆ. ಇದರ ಜೊತೆಗೂ ಲಗತ್ತಿಸಿದ್ದೇನೆ. ನಿಮ್ಮ ತಂತ್ರಜ್ಞರು ನೇರವಾಗಿ ನನ್ನ ಹತ್ತಿರ ಮಾತಾಡಬೇಕು ಅಂದರೆ ಸಂಜೆ ಹೊತ್ತು ಯಾವಾಗ ಬೇಕಾದರೂ ಫೋನ್ ಮಾಡಲಿ. ಯಾವ ಫೈಲ್ ಯಾವ ಕೂಟದ್ದು ಎಂದು ಕೇಳಿ ಗುರುತಿಸಲು ನಮ್ಮ ಸಂಘದ ಹಿರಿಯರು ಸಿದ್ಧರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ರೆಕಾರ್ಡಿಂಗ್ ಸಂಗ್ರಹದ ಜವಾಬ್ದಾರಿ ಹೊತ್ತ ಸದಸ್ಯ,
ಯಕ್ಷಗಾನ ಕಲಾಸಂಘ,
ಉಡುಪಿ ಜಿಲ್ಲೆ