ವ್ಯಾಟ್ ಅಲ್ಲ, ಲ್ಯೂಮೆನ್ ನೋಡಿ

ಮಾನ್ಯ ಸಂಪಾದಕರೇ,

ಮನೆಗೆ ಬಲ್ಬ್ ಕೊಳ್ಳುವಾಗ ಬಹಳಷ್ಟು ಜನ ಇಂದಿಗೂ ವ್ಯಾಟ್ ಎಷ್ಟೆಂದೇ ಕೇಳುತ್ತಾರೆ. ವ್ಯಾಟ್ ತಿಳಿಸುವುದು ಬಲ್ಬ್ ಬಳಸುವ ವಿದ್ಯುತ್ತನ್ನೇ ಹೊರತು ಬೆಳಕನ್ನಲ್ಲ. ಬೆಳಕಿನ ಅಳತೆ ಲ್ಯೂಮೆನ್. ತಂತಿ ಕಾದು ಬೆಳಗುವ ಹಳೆಯ 60 ವ್ಯಾಟ್ ಬಲ್ಬ್, ಪಡೆದ ವಿದ್ಯುತ್ತಿನ ಶೇ 90ಕ್ಕೂ ಹೆಚ್ಚು ಭಾಗವನ್ನು ಶಾಖವಾಗಿ ಕಳೆದು ಸುಮಾರು 800 ಲ್ಯೂಮೆನ್ ಬೆಳಕು ನೀಡಿದರೆ, ಅಷ್ಟೇ ಬೆಳಕಿಗೆ ಎಲ್‌ಇಡಿಗೆ 8ರಿಂದ 10 ವ್ಯಾಟ್ ಸಾಕು. ಸಿಎಫ್‌ಎಲ್ ಕೂಡ ವಿದ್ಯುತ್ ಉಳಿಸುತ್ತದೆಯಾದರೂ ಅದರೊಳಗೆ ಪಾದರಸವಿದೆ.

ಉಳಿತಾಯದ ಆತುರದಲ್ಲಿ ಬೆಳಕಿನ ಗುಣ ಮರೆತುಹೋಗುವುದು ನನಗೆ ಬೇಸರದ ಸಂಗತಿ. ಬೆಳಕಿನ ಬಣ್ಣದ ಛಾಯೆಯನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ. ಮಲಗುವ ಕೋಣೆಗೆ 2700 ಕೆಲ್ವಿನ್‌ನ ಹಳದಿ ಛಾಯೆ ಹಿತವೆನಿಸುತ್ತದೆ. 6500 ಕೆಲ್ವಿನ್‌ನ ನೀಲಿಬಿಳುಪು ಅಲ್ಲಿ ಕಣ್ಣಿಗೆ ಚುಚ್ಚುತ್ತದೆ. ಬಣ್ಣಗಳನ್ನು ಸಹಜವಾಗಿ ತೋರಿಸುವ ಸಾಮರ್ಥ್ಯವನ್ನು ಸೂಚಿಸುವ ಸಿಆರ್‌ಐ ಕನಿಷ್ಠ 80 ಇರಲಿ, ಅಡುಗೆಮನೆಗೂ ಓದುವ ಮೇಜಿಗೂ 90 ಇದ್ದರೆ ಇನ್ನೂ ಒಳ್ಳೆಯದು.

ಎಲ್‌ಇಡಿ ಬಾಳಿಕೆ ಬರುವುದಿಲ್ಲವೆಂಬ ದೂರು ಆಗಾಗ ಕೇಳಿಬರುತ್ತದೆ. ಗಾಳಿಯಾಡದ ಗಾಜಿನ ಗೋಳದೊಳಗೆ ಬಲ್ಬ್ ಹಾಕಿದಾಗ ಶಾಖ ಹೊರಹೋಗದೆ, ಅದರ ಎಲೆಕ್ಟ್ರಾನಿಕ್ ಸರ್ಕೀಟು ಬೇಗ ಕೆಡುವುದು ಇದಕ್ಕೊಂದು ಮುಖ್ಯ ಕಾರಣ. ಮುಚ್ಚಿದ ದೀಪಗಳಿಗೆ ಸೂಕ್ತವೇ ಎಂಬುದನ್ನು, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇದ್ದರೆ ಅದಕ್ಕೆ ಹೊಂದುವುದೇ ಎಂಬುದನ್ನು ಪೊಟ್ಟಣದ ಮೇಲೆ ಓದಿಯೇ ಕೊಳ್ಳಬೇಕೆಂದು ಓದುಗರಲ್ಲಿ ನನ್ನ ಕಳಕಳಿಯ ವಿನಂತಿ.

ಇಂತಿ,
ತಮ್ಮ ಪತ್ರಿಕೆಯ ಓದುಗ