ಗೋವಾವನ್ನೇ ಯಾಕೆ ಹಿಡಿದರು?

ಪ್ರೀತಿಯ ತಂಗಿ,

ಪೋರ್ಚುಗೀಸರ ಬಗೆಗಿನ ನಿನ್ನ ಕರಡು ಓದಿದೆ. ‘ಕಾಳುಮೆಣಸಿನ ಆಸೆಗೆ ಗೋವಾ ಹಿಡಿದರು’ ಎಂಬ ಮೊದಲ ಸಾಲನ್ನು ಹೊಡೆದುಹಾಕು. ಮೆಣಸು ಅವರನ್ನು ಕಡಲಿಗಿಳಿಸಿದ್ದು ನಿಜ. ಆದರೆ ಅದನ್ನು ಹಡಗಿಗೆ ತುಂಬುತ್ತಿದ್ದದ್ದು ಮುಖ್ಯವಾಗಿ ಕೊಚ್ಚಿಯಲ್ಲಿ; ಅಲ್ಲಿ 1503ರಿಂದಲೇ ಅವರ ಕೋಟೆಯಿತ್ತು. ಹಾಗಿದ್ದ ಮೇಲೆ 1510ರಲ್ಲಿ ಗೋವಾ ಯಾಕೆ ಬೇಕಾಯಿತು? ಲೇಖನ ಇಲ್ಲಿಂದ ಶುರುವಾಗಲಿ.

ಬಂದದ್ದಕ್ಕೆ, ಆ ಜಾಗವನ್ನೇ ಹಿಡಿದದ್ದಕ್ಕೆ, ಬಿಡದೆ ಕೂತದ್ದಕ್ಕೆ ಕಾರಣಗಳು ಬೇರೆಬೇರೆ. ಒಂದೊಂದರ ಮುಂದೆಯೂ ಇಸವಿ ಬರೆದಿಟ್ಟುಕೊ. ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ 1510ರಲ್ಲಿ ಹೊರಟದ್ದು ಕೆಂಪು ಸಮುದ್ರದ ಕಡೆಗೆ. ದಾರಿಯಲ್ಲಿ ಅವನನ್ನು ಗೋವಾದತ್ತ ತಿರುಗಿಸಿದವನು ಹೊನ್ನಾವರದ ಕಡಲ ನಾಯಕ ತಿಮ್ಮಯ್ಯ: 1509ರಲ್ಲಿ ದೀವ್‌ನಲ್ಲಿ ಪೋರ್ಚುಗೀಸರಿಗೆ ಸೋತು ಉಳಿದ ರೂಮಿಗಳು (ಈಜಿಪ್ಟ್, ತುರ್ಕಿ ಕಡೆಯ ಯೋಧರು) ಗೋವಾದಲ್ಲಿ ಹಡಗು ಸಜ್ಜು ಮಾಡುತ್ತಿದ್ದಾರೆ, ಊರನ್ನು ಆಳುತ್ತಿದ್ದ ಬಿಜಾಪುರದ ಹಿಡಿತವೂ ಸಡಿಲವಾಗಿದೆ ಎಂಬುದು ಅವನು ತಂದ ಸುದ್ದಿ.

ಕುದುರೆಗೆ ಹೆಚ್ಚು ಜಾಗ ಕೊಡು, ನಿನ್ನ ಕರಡಿನಲ್ಲಿ ಅದು ಬಂದೇ ಇಲ್ಲ. ದಖ್ಖನ್ನಿನ ಹವೆಯಲ್ಲಿ ಒಳ್ಳೆಯ ಯುದ್ಧಕುದುರೆ ಬೆಳೆಸುವುದು ಕಷ್ಟ. ತಂದವೂ ಬೇಗ ಸಾಯುತ್ತಿದ್ದವು. ವಿಜಯನಗರವೂ ಬಿಜಾಪುರವೂ ಅರೇಬಿಯಾದಿಂದ, ಪರ್ಷಿಯನ್ ಕೊಲ್ಲಿಯ ಬಾಯಿಯ ಹೋರ್ಮುಜ್ ಬಂದರಿನಿಂದ ವರ್ಷವರ್ಷವೂ ತರಿಸಲೇಬೇಕಿತ್ತು. ಆ ಹಡಗುಗಳನ್ನು ಬಲವಂತವಾಗಿ ಗೋವಾಕ್ಕೆ ತಿರುಗಿಸಿದರೆ ಸುಂಕವೂ ಸಿಗುತ್ತದೆ, ಒಬ್ಬರಿಗೊಬ್ಬರು ವೈರಿಗಳಾದ ಎರಡು ರಾಜ್ಯಗಳ ಜುಟ್ಟೂ ಕೈಗೆ ಬರುತ್ತದೆ. ಭಟ್ಕಳದ ಕುದುರೆ ವ್ಯಾಪಾರ ಬಡವಾದದ್ದು ಹೀಗೆ.

ಬಂದರನ್ನು ಬರೆಯುವಾಗ ಮಳೆಗಾಲವನ್ನು ಬಿಡಬೇಡ. ಪೋರ್ಚುಗೀಸರು ಮೊದಲ ಸಲ ಹಿಡಿದ ಊರನ್ನು 1510ರ ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಮರಳಿ ಪಡೆಯಿತು. ಅಳಿವೆ ದಾಟಲಾಗದೆ ಪೋರ್ಚುಗೀಸರ ಹಡಗುಗಳು ಆಗಸ್ಟ್‌ವರೆಗೆ ಮಾಂಡವಿ ನದಿಯಲ್ಲೇ ಸಿಕ್ಕಿಕೊಂಡವು, ಜನ ಹಸಿವಿನಿಂದ ನರಳಿದರು. ಊರು ಮತ್ತೆ ಅವರ ಕೈಸೇರಿದ್ದು ನವೆಂಬರ್ 25ಕ್ಕೆ. ಆಮೇಲೆ ನಡೆದ ಮುಸ್ಲಿಮರ ಕಗ್ಗೊಲೆಯನ್ನು ‘ವಶಪಡಿಸಿಕೊಂಡರು’ ಎಂಬ ಒಂದೇ ಪದದಲ್ಲಿ ಮುಚ್ಚಿಬಿಡಬೇಡ. ಅದನ್ನು ಅಲ್ಬುಕರ್ಕ್ ಡಿಸೆಂಬರ್‌ನಲ್ಲಿ ತನ್ನ ರಾಜನಿಗೆ ಸಾಧನೆಯೆಂಬಂತೆ ಬರೆದ. ಅಂಥ ಪತ್ರವನ್ನು ಎಚ್ಚರದಿಂದ ಓದು. ಗೆದ್ದ ಮೇಲೆ ಬರೆದ ಕಾರಣ ಹೊರಡುವಾಗಿನ ಕಾರಣವೇ ಆಗಿರಬೇಕಿಲ್ಲ.

ಇಸವಿ ತಪ್ಪಿದರೆ ಕಾರಣವೂ ತಪ್ಪುತ್ತದೆ. ಇನ್‌ಕ್ವಿಸಿಷನ್, ಅಂದರೆ ಕ್ಯಾಥೊಲಿಕ್ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, ಗೋವಾಕ್ಕೆ ಬಂದದ್ದು 1560ರಲ್ಲಿ. ಅದನ್ನು ಐವತ್ತು ವರ್ಷ ಹಿಂದಕ್ಕೆ ಎಳೆದು 1510ರ ಉದ್ದೇಶ ಮಾಡಬೇಡ. ಮುಸ್ಲಿಂ ವ್ಯಾಪಾರಿಗಳ ಮೇಲಿನ ಧಾರ್ಮಿಕ ದ್ವೇಷ ಆಗಲೂ ಇತ್ತು, ಅದನ್ನು ಬೇರೆಯಾಗಿಯೇ ಬರೆ. ಪೋರ್ಚುಗೀಸರ ರಾಜಧಾನಿ ಕೊಚ್ಚಿಯಿಂದ ಗೋವಾಕ್ಕೆ ಬಂದದ್ದು 1530ರಲ್ಲಿ, ಅದು ಬಿಡದೆ ಕೂತದ್ದರ ಅಧ್ಯಾಯಕ್ಕೆ ಸೇರಿದ್ದು.

ಮುಂದಿನ ಕರಡಿನಲ್ಲಿ ತಿಮ್ಮಯ್ಯನಿಗೆ ಒಂದು ಇಡೀ ಪ್ಯಾರಾ ಕೊಡು. ಪೋರ್ಚುಗೀಸರನ್ನು ಕರೆತಂದು ಅವನು ಏನು ಪಡೆಯಬೇಕೆಂದಿದ್ದ, ಕೊನೆಗೆ ಸಿಕ್ಕಿದ್ದೇನು, ಎರಡನ್ನೂ ಹುಡುಕಿ ಬರೆದು ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ